ಮನೆಯೊಳಗೆ ಆಡಿದ ಮಾತಿಗೆ ಟೀಮನ್ನೇ ಕಿತ್ಕೊಳ್ಳೋದಾ?

ಭಾನುವಾರ ಬೆಳಿಗ್ಗೆ ನಾನು ನಮ್ಮ ಬಡಾವಣೆಯ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ದೊಡ್ಡ ಕೋಚ್ ಏನಲ್ಲ. ಬಿರುಕು ಬಿಟ್ಟ ಸಿಮೆಂಟ್ ಕೋರ್ಟು, ಬಲೆ ಹರಿದ ರಿಂಗು, ಹನ್ನೆರಡೋ ಹದಿಮೂರೋ ಮಕ್ಕಳು. ಆಟ ಮುಗಿದ ಮೇಲೆ ಪಕ್ಕದ ಅಂಗಡಿಯಲ್ಲಿ ಕಾಫಿ. ಆಗ ಮಕ್ಕಳ ಅಪ್ಪಂದಿರು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗು ಎನ್‌ಬಿಎ ಬಗ್ಗೆ ಏನಾದರೂ ಕೇಳುತ್ತಾರೆ. ಅದರಲ್ಲಿ ಒಂದು ಪ್ರಶ್ನೆ ವರ್ಷಕ್ಕೆ ನಾಲ್ಕು ಸಲವಾದರೂ ಬಂದೇ ಬರುತ್ತದೆ. "ಸಾರ್, ಆ ಕ್ಲಿಪ್ಪರ್ಸ್ ಓನರ್ ಮನೇಲಿ ಏನೋ ಅಂದ ಅಂತ ಟೀಮನ್ನೇ ಕಿತ್ಕೊಂಡ್ರಲ್ಲ, ಜಾಸ್ತಿ ಆಯ್ತು ಅನ್ಸಲ್ವಾ? ಮನೆಯೊಳಗಿನ ಮಾತು ಮನೆಯೊಳಗೇ ಅಲ್ವಾ?"

ಪ್ರತಿ ಸಲವೂ ಕಾಫಿ ಆರಿಹೋಗುತ್ತದೆ, ಉತ್ತರ ಮುಗಿಯುವುದಿಲ್ಲ. ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಕಥೆ. ಡೊನಾಲ್ಡ್ ಸ್ಟರ್ಲಿಂಗ್ ಲಾಸ್ ಏಂಜಲೀಸ್‌ನ ದೊಡ್ಡ ಕುಳ. ಬಾಡಿಗೆ ಮನೆಗಳ ವ್ಯವಹಾರ, ಊರು ತುಂಬ ಅಪಾರ್ಟ್‌ಮೆಂಟು. 1981ರಲ್ಲಿ ಕ್ಲಿಪ್ಪರ್ಸ್ ತಂಡವನ್ನು ಒಂದೂಕಾಲು ಕೋಟಿ ಡಾಲರ್‌ಗೆ ಕೊಂಡ. (ಈ ಪ್ರಕರಣ ನಡೆದಾಗ ಎಂಬತ್ತು ತುಂಬಿದ ಹಿರಿಯ. ಆದರೂ ನನಗೆ ಬಹುವಚನ ಬರುತ್ತಿಲ್ಲ, ಕ್ಷಮಿಸಿ.) 2014ರ ಏಪ್ರಿಲ್ ಕೊನೆಯಲ್ಲಿ, ಅವನೂ ಅವನ ಗೆಳತಿಯೂ ಮಾತಾಡಿದ ಒಂದು ರೆಕಾರ್ಡಿಂಗ್ ಟಿಎಂಜೆಡ್ ಎಂಬ ಸುದ್ದಿತಾಣದಲ್ಲಿ ಬಂತು. ಆಕೆ ಹೆಸರಾಂತ ಕಪ್ಪು ಆಟಗಾರ ಮ್ಯಾಜಿಕ್ ಜಾನ್ಸನ್ ಜೊತೆ ನಿಂತ ಫೋಟೋವನ್ನು ಇನ್‌ಸ್ಟಾಗ್ರಾಂಗೆ ಹಾಕಿದ್ದಳು. ಸ್ಟರ್ಲಿಂಗ್‌ಗೆ ಅದು ಹಿಡಿಸಲಿಲ್ಲ. ಕಪ್ಪು ಜನರ ಜೊತೆ ಓಡಾಡೋದನ್ನ ಊರಿಗೆಲ್ಲ ಯಾಕೆ ತೋರಿಸ್ತೀಯ, ಏನು ಬೇಕಾದರೂ ಮಾಡ್ಕೋ, ಆದರೆ ಅವನನ್ನು ನನ್ನ ಆಟಗಳಿಗೆ ಮಾತ್ರ ಕರ್ಕೊಂಡು ಬರಬೇಡ ಅನ್ನೋ ಅರ್ಥದ ಮಾತು.

ಒಂದು ವಿಷಯ ಗಮನಿಸಿ. ಕ್ಲಿಪ್ಪರ್ಸ್ ಆಗ ಆಡುತ್ತಿದ್ದದ್ದು ಸ್ಟೇಪಲ್ಸ್ ಸೆಂಟರ್‌ನಲ್ಲಿ. ಲೇಕರ್ಸ್ ತಂಡದ ಮನೆಯೂ ಅದೇ. ಅದರ ಹೊರಗೆ ಮ್ಯಾಜಿಕ್ ಜಾನ್ಸನ್‌ನ ಕಂಚಿನ ಪ್ರತಿಮೆ ನಿಂತಿದೆ. ಲೇಕರ್ಸ್‌ಗೆ ಐದು ಸಲ ಚಾಂಪಿಯನ್‌ಶಿಪ್ ತಂದುಕೊಟ್ಟವನು. ಯಾರ ಪ್ರತಿಮೆ ದಾಟಿಕೊಂಡು ಜನ ಒಳಗೆ ಹೋಗುತ್ತಾರೋ, ಅವನೇ ಒಳಗೆ ಬರಬಾರದು ಅಂತ ಈತ ಹೇಳುತ್ತಿದ್ದಾನೆ.

ಆ ರೆಕಾರ್ಡಿಂಗ್‌ನಲ್ಲಿ ಎಲ್ಲರೂ ನೆನಪಿಟ್ಟುಕೊಂಡಿರುವುದು ಈ ಫೋಟೋ ಜಗಳವನ್ನೇ. ನನ್ನನ್ನು ಕಾಡಿದ್ದು ಇನ್ನೊಂದು ಜಾಗ. ನಿನ್ನ ತಂಡದಲ್ಲಿ ಆಡುವವರು ಕಪ್ಪು ಹುಡುಗರೇ ಅಲ್ವಾ, ಅದು ಗೊತ್ತಿದೆಯಾ ಅಂತ ಆಕೆ ಕೇಳುತ್ತಾಳೆ. ಅದಕ್ಕೆ ಅವನ ಉತ್ತರ: ಅವರನ್ನು ಸಾಕ್ತಿರೋನು ನಾನು. ಊಟ, ಬಟ್ಟೆ, ಕಾರು, ಮನೆ ಎಲ್ಲ ಕೊಡೋನು ನಾನು. ಬೇರೆ ಯಾರಾದ್ರೂ ಕೊಡ್ತಾರಾ? ಆಟ ಮಾಡೋನು ನಾನೋ, ಅವರೋ?

ಇದನ್ನು ಕೇಳಿದಾಗ ಇದು ಅಮೆರಿಕದ ಮಾತು ಅಂತ ನನಗೆ ಅನ್ನಿಸಲೇ ಇಲ್ಲ. ಇದು ಧಣಿಯ ಮಾತು. ನಮ್ಮ ಅಜ್ಜಂದಿರ ಕಾಲದಲ್ಲಿ ಜಗಲಿಯ ಮೇಲೆ ಕೂತವರು ಅಂಗಳದಲ್ಲಿ ನಿಂತವರಿಗೆ ಹೇಳುತ್ತಿದ್ದ ಮಾತು. ನಮ್ಮನೆ ಉಪ್ಪು ತಿಂದಿದ್ದೀಯ, ನೆನಪಿರಲಿ. ಬೆಳಗಿನಿಂದ ಸಂಜೆತನಕ ದುಡಿಸಿಕೊಂಡು, ಕೂಲಿ ಕೊಟ್ಟದ್ದನ್ನೇ ದಾನ ಮಾಡಿದ ಹಾಗೆ ಲೆಕ್ಕ ಹಾಕುವ ಬುದ್ಧಿ.

ಮತ್ತೆ, ಲೆಕ್ಕವೂ ತಪ್ಪು. ಸ್ಟರ್ಲಿಂಗ್ ಕೈಯಲ್ಲಿ ಕ್ಲಿಪ್ಪರ್ಸ್ ಸುಮಾರು ಮೂವತ್ತು ವರ್ಷ ಇಡೀ ಲೀಗಿನ ನಗೆಪಾಟಲು. ಬ್ಲೇಕ್ ಗ್ರಿಫಿನ್ ಆಡತೊಡಗಿ, 2011ರ ಡಿಸೆಂಬರ್‌ನಲ್ಲಿ ಕ್ರಿಸ್ ಪಾಲ್ ಬಂದ ಮೇಲೆ ಜನ ದುಡ್ಡು ಕೊಟ್ಟು ನೋಡುವ ತಂಡ ಆಯಿತು. 2013-14ರಲ್ಲಿ 82 ಪಂದ್ಯಗಳಲ್ಲಿ 57 ಗೆದ್ದರು. ಅಲ್ಲಿಯತನಕ ಆ ತಂಡ ಅಷ್ಟು ಗೆದ್ದಿದ್ದೇ ಇಲ್ಲ. ಯಾರು ಯಾರಿಗೆ ಅನ್ನ ಹಾಕುತ್ತಿದ್ದರು?

ರೆಕಾರ್ಡಿಂಗ್ ಹೊರಬಂದಾಗ ಪ್ಲೇಆಫ್ ನಡೆಯುತ್ತಿತ್ತು. ಎದುರಾಳಿ ಗೋಲ್ಡನ್ ಸ್ಟೇಟ್ ವಾರಿಯರ್ಸ್. ಏಪ್ರಿಲ್ 27ರ ಭಾನುವಾರ ಓಕ್‌ಲ್ಯಾಂಡ್‌ನಲ್ಲಿ ನಾಲ್ಕನೇ ಪಂದ್ಯ. ಅಲ್ಲಿ ಹಗಲು, ನಮ್ಮಲ್ಲಿ ನಡುರಾತ್ರಿ ದಾಟಿತ್ತು. ಮನೆಯವರೆಲ್ಲ ಮಲಗಿದ್ದರು. ಟಿವಿ ಸದ್ದು ಪೂರ್ತಿ ಇಳಿಸಿ ಕೂತಿದ್ದೆ. ಆಡುತ್ತಾರೋ, ಆಡದೆ ಹೋಗುತ್ತಾರೋ ಅನ್ನೋ ಕುತೂಹಲ.

ಕ್ಲಿಪ್ಪರ್ಸ್ ಹುಡುಗರು ಸಾಲಾಗಿ ಬಂದು ಕೋರ್ಟಿನ ನಡುವೆ ನಿಂತರು. ಮೈಮೇಲಿದ್ದ ತಂಡದ ಜಾಕೆಟ್ ಬಿಚ್ಚಿ ಅಲ್ಲೇ ನೆಲಕ್ಕೆ ಹಾಕಿದರು. ಒಳಗಿದ್ದ ಕೆಂಪು ಅಂಗಿಯನ್ನು ತಿರುವುಮುರುವಾಗಿ ಹಾಕಿಕೊಂಡಿದ್ದರು. ಹೊಲಿಗೆ ಹೊರಗೆ, ತಂಡದ ಹೆಸರು ಒಳಗೆ. ಕೈಗೆ ಕಪ್ಪು ಪಟ್ಟಿ, ಕಾಲಿಗೆ ಕಪ್ಪು ಸಾಕ್ಸು. ಯಾರೂ ಭಾಷಣ ಮಾಡಲಿಲ್ಲ. ನೆಲದ ಮೇಲೆ ಗುಡ್ಡೆಯಾಗಿ ಬಿದ್ದ ಆ ಜಾಕೆಟ್‌ಗಳು ಇವತ್ತಿಗೂ ನನ್ನ ಕಣ್ಣ ಮುಂದಿವೆ. ಅಂದು 118-97ರಿಂದ ಸೋತರು. ಅಂಥ ಮನಸ್ಸಿನಲ್ಲಿ ಆಡಿ ಗೆಲ್ಲೋದು ಹೇಗೆ?

"ಅಷ್ಟೇನಾ ಮಾಡಿದ್ದು? ಆಡದೇ ಇರಬೇಕಿತ್ತು" ಅಂತ ಬೈದವರೂ ಇದ್ದರು. ಆದರೆ ಅದರ ತಯಾರಿ ಆಗಲೇ ಒಳಗೊಳಗೆ ನಡೆದಿತ್ತು. ಮಂಗಳವಾರ ಐದನೇ ಪಂದ್ಯ. ಅಂದು ಲೀಗು ಗಟ್ಟಿ ತೀರ್ಮಾನ ಹೇಳದಿದ್ದರೆ ಆಟ ಶುರುವಾಗುವ ಹೊತ್ತಿಗೆ ಕೋರ್ಟ್ ಬಿಟ್ಟು ಹೊರನಡೆಯೋದು ಅಂತ ಎದುರಾಳಿ ವಾರಿಯರ್ಸ್ ಹುಡುಗರೇ ಮಾತಾಡಿಕೊಂಡಿದ್ದರು. ಇನ್ನೊಂದು ಕಡೆ ಜಾಹೀರಾತುದಾರರು ಸಾಲುಗಟ್ಟಿ ಜಾಗ ಖಾಲಿ ಮಾಡುತ್ತಿದ್ದರು. ಕಾರ್‌ಮ್ಯಾಕ್ಸ್, ವರ್ಜಿನ್ ಅಮೆರಿಕ ಸಂಬಂಧ ಕಡಿದುಕೊಂಡವು. ಕಿಯಾ, ಸ್ಟೇಟ್ ಫಾರ್ಮ್ ದೂರ ಸರಿದು ನಿಂತವು.

ಆ ಮಂಗಳವಾರ, ಏಪ್ರಿಲ್ 29ರಂದು, ಎನ್‌ಬಿಎ ಕಮಿಷನರ್ ಆಡಮ್ ಸಿಲ್ವರ್ ಮೈಕ್ ಮುಂದೆ ಬಂದರು. ಆ ಕುರ್ಚಿಯಲ್ಲಿ ಕೂತು ಇನ್ನೂ ಮೂರು ತಿಂಗಳು ಆಗಿರಲಿಲ್ಲ. ಸ್ಟರ್ಲಿಂಗ್‌ಗೆ ಆಜೀವ ನಿಷೇಧ. 25 ಲಕ್ಷ ಡಾಲರ್ ದಂಡ, ನಿಯಮದಲ್ಲಿ ಅದಕ್ಕಿಂತ ಜಾಸ್ತಿ ಹಾಕಲು ಅವಕಾಶ ಇರಲಿಲ್ಲ. ತಂಡ ಮಾರಿಸುವಂತೆ ಉಳಿದ ಮಾಲೀಕರನ್ನು ಒಪ್ಪಿಸುತ್ತೇನೆ ಅಂದರು. ನಮ್ಮ ಕಾಫಿ ಅಂಗಡಿ ಪ್ರಶ್ನೆಗೂ ಅಂದೇ ಉತ್ತರ ಕೊಟ್ಟರು. ಮೊದಲು ಖಾಸಗಿಯಾಗಿ ಆಡಿದ ಮಾತೇ ಇರಬಹುದು, ಈಗ ಅದು ಬಹಿರಂಗವಾಗಿದೆ, ಅದು ಆತನ ಅಭಿಪ್ರಾಯವೇ ಹೌದು ಅಂದರು.

ನಿಜ ಹೇಳಬೇಕೆಂದರೆ ಈ ಉತ್ತರ ನನಗೆ ಸಾಲದು. "ಹೊರಗೆ ಬಂತು, ಆದ್ದರಿಂದ ಶಿಕ್ಷೆ" ಅಂದರೆ ಸಿಕ್ಕಿಬಿದ್ದದ್ದೇ ತಪ್ಪು ಅಂದ ಹಾಗಾಯಿತು. ನನ್ನ ಉತ್ತರ ಬೇರೆ ಇದೆ, ಅದಕ್ಕೆ ಹನ್ನೊಂದು ವರ್ಷ ಹಿಂದೆ ಹೋಗಬೇಕು.

2003ರಲ್ಲಿ ಬಾಡಿಗೆದಾರರ ಪರವಾದ ಒಂದು ಸಂಸ್ಥೆ ಮತ್ತು ಕೆಲವು ಬಾಡಿಗೆದಾರರು ಸ್ಟರ್ಲಿಂಗ್ ಮೇಲೆ ಕೇಸು ಹಾಕಿದರು. ಲಾಸ್ ಏಂಜಲೀಸ್‌ನ ಕೊರಿಯಾಟೌನ್ ಕಡೆ ಅವನ ಕಟ್ಟಡಗಳಿದ್ದವು. ಅಲ್ಲಿ ಕೊರಿಯನ್ನರೇ ಬೇಕು, ಕಪ್ಪು ಜನ, ಲ್ಯಾಟಿನೋ ಜನ ಬೇಡ ಅನ್ನೋದು ಅವನ ನೀತಿ ಅಂತ ಆರೋಪ. ಕಟ್ಟಡಗಳಿಗೆ "ಕೊರಿಯನ್" ಅಂತ ಸೇರಿಸಿ ಹೆಸರಿಟ್ಟಿದ್ದ. ಹಾಗೆ ಹೆಸರಿಡಬೇಡಿ, ಬಾಡಿಗೆದಾರರ ಮೂಲ ಕೇಳಬೇಡಿ ಅಂತ ನ್ಯಾಯಾಲಯ ತಡೆ ಹಾಕಬೇಕಾಯಿತು. ಆ ಕೇಸಿನಲ್ಲಿ ಬಂದ ಒಂದು ಸಣ್ಣ ವಿವರ ನೋಡಿ: ಗ್ಯಾರೇಜಿನ ಬಾಗಿಲು ತೆಗೆಯುವ ರಿಮೋಟ್ ಬೇಕು ಅಂದರೆ ಅರ್ಜಿ ತುಂಬಬೇಕು. ಆ ಅರ್ಜಿಯಲ್ಲಿ, ನೀವು ಯಾವ ದೇಶದ ಮೂಲದವರು ಅನ್ನೋ ಪ್ರಶ್ನೆ!

ರಿಮೋಟಿಗೂ ಮೂಲಕ್ಕೂ ಏನು ಸಂಬಂಧ ಅಂತ ಕೇಳುತ್ತೀರಾ? ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕಿದವರು ಕೇಳಲ್ಲ. ನಾನು ಮೊದಲ ಕೆಲಸಕ್ಕೆ ಸೇರಿದಾಗ "ಟು ಲೆಟ್" ಬೋರ್ಡು ನೋಡಿ ಒಂದು ಮನೆಗೆ ಹೋಗಿದ್ದೆ. ಅಡ್ವಾನ್ಸ್ ಎಷ್ಟು, ನೀರು ಯಾವಾಗ ಬಿಡ್ತಾರೆ, ಎಲ್ಲ ಮಾತಾಯಿತು. ಬೀಗದ ಕೈ ಕೊಡೋ ಹೊತ್ತಿಗೆ ಆಂಟಿ ತುಂಬ ಪ್ರೀತಿಯಿಂದ, "ಅಂದಹಾಗೆ ನೀವು ಏನ್ ಜನ?" ಅಂದರು. ಹೇಳಿದೆ. "ಅಯ್ಯೋ, ಮರೆತೇಬಿಟ್ಟಿದ್ದೆ ನೋಡಿ, ನಮ್ಮ ತಮ್ಮ ಬರ್ತೀನಿ ಅಂದಿದ್ದ" ಅಂದರು. ಬೋರ್ಡು ಮುಂದಿನ ತಿಂಗಳೂ ಅಲ್ಲೇ ನೇತಾಡುತ್ತಿತ್ತು.

ಆ ಕೇಸು 2005ರಲ್ಲಿ ರಾಜಿಯಾಯಿತು. ಮರುವರ್ಷ ಅಮೆರಿಕದ ನ್ಯಾಯ ಇಲಾಖೆಯೇ ಕೇಸು ಹಾಕಿತು. 2009ರಲ್ಲಿ ಸ್ಟರ್ಲಿಂಗ್ 27 ಲಕ್ಷ ಡಾಲರ್‌ಗೂ ಮೀರಿ ಕೊಟ್ಟು ರಾಜಿ ಮಾಡಿಕೊಂಡ. ತಪ್ಪು ಒಪ್ಪಿಕೊಳ್ಳಲಿಲ್ಲ. ಬಾಡಿಗೆ ಮನೆಯ ತಾರತಮ್ಯದ ಕೇಸಿನಲ್ಲಿ ಆ ಇಲಾಖೆಗೆ ಅಷ್ಟು ದೊಡ್ಡ ಮೊತ್ತ ಅದಕ್ಕೆ ಮುಂಚೆ ಬಂದಿರಲಿಲ್ಲ. ಪತ್ರಿಕೆಗಳಲ್ಲೂ ಬಂತು. ಗುಟ್ಟೇನಲ್ಲ.

ಲೀಗು ಏನು ಮಾಡಿತು? ಏನೂ ಇಲ್ಲ. ಆಟಗಾರರು ಜಾಕೆಟ್ ಬಿಚ್ಚಲಿಲ್ಲ. ಜಾಹೀರಾತುದಾರರು ಓಡಲಿಲ್ಲ. ಕಪ್ಪು ಜನರ ಹಕ್ಕುಗಳಿಗೆ ಹೋರಾಡುವ ಹಳೆಯ ಸಂಸ್ಥೆ ಎನ್‌ಎಎಸಿಪಿ. ಅದರ ಲಾಸ್ ಏಂಜಲೀಸ್ ಶಾಖೆ ಆ 2009ರಲ್ಲೇ ಅವನಿಗೆ ಪ್ರಶಸ್ತಿ ಕೊಟ್ಟಿತ್ತು. 2014ರ ಮೇ ತಿಂಗಳಲ್ಲಿ ಜೀವಮಾನ ಸಾಧನೆಯ ಪ್ರಶಸ್ತಿಯನ್ನೂ ಕೊಡುವವರಿದ್ದರು. ರೆಕಾರ್ಡಿಂಗ್ ಬಂದ ಮೇಲೆ ಗಡಿಬಿಡಿಯಲ್ಲಿ ಕೈಬಿಟ್ಟರು, ಶಾಖೆಯ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಹಿಂದಿನ ದೊಡ್ಡ ಆಟಗಾರ ಕರೀಂ ಅಬ್ದುಲ್ ಜಬ್ಬಾರ್ ಆಗ ಟೈಮ್ ಪತ್ರಿಕೆಯಲ್ಲಿ ಇದನ್ನೇ ಎತ್ತಿ ಆಡಿದರು. ಮನೆ ಕೊಡದಿದ್ದಾಗ ಬಾರದ ಸಿಟ್ಟು ಈಗ ಎಲ್ಲಿಂದ ಬಂತು ಅನ್ನೋ ಧಾಟಿಯಲ್ಲಿ.

ನನ್ನ ಉತ್ತರ ಇಲ್ಲಿದೆ. ಮಾತು ಖಾಸಗಿ ಇರಬಹುದು, ಬಾಡಿಗೆ ಮನೆ ಖಾಸಗಿ ಅಲ್ಲ. ಮುದುಕ ಗೊಣಗಿದ್ದಕ್ಕೆ ತಂಡ ಹೋಯಿತು ಅನ್ನೋದು ಅರ್ಧ ಕಥೆ. ಕಡತದಲ್ಲಿ ವರ್ಷಗಟ್ಟಲೆ ಬಿದ್ದಿದ್ದದ್ದಕ್ಕೆ ಆ ರೆಕಾರ್ಡಿಂಗ್ ಒಂದು ದನಿ ಕೊಟ್ಟಿತು. ಕಡತ ಯಾರೂ ಓದಲ್ಲ, ಆಡಿಯೋ ಎಲ್ಲರೂ ಕೇಳುತ್ತಾರೆ.

ನ್ಯಾಯವಾಗಿ ಇದನ್ನೂ ಹೇಳಬೇಕು. ಇಪ್ಪತ್ತೆರಡು ವರ್ಷ ಕ್ಲಿಪ್ಪರ್ಸ್ ಜನರಲ್ ಮ್ಯಾನೇಜರ್ ಆಗಿದ್ದ ಎಲ್ಜಿನ್ ಬೇಲರ್ ಕೂಡ ಕೇಸು ಹಾಕಿದ್ದರು. ಜನಾಂಗ ತಾರತಮ್ಯದ ಆರೋಪವನ್ನು ವಿಚಾರಣೆಗೆ ಮುಂಚೆ ಅವರೇ ಕೈಬಿಟ್ಟರು. ಉಳಿದದ್ದರಲ್ಲಿ 2011ರಲ್ಲಿ ಸೋತರು. ಎಲ್ಲ ಕೇಸೂ ಒಂದೇ ಥರ ಇರಲಿಲ್ಲ.

"ಆದ್ರೂ ಸಾರ್, ವಾಕ್ ಸ್ವಾತಂತ್ರ್ಯ?" ಅಂತ ಒಬ್ಬರು ಲಾಯರ್ ಅಪ್ಪ ಪ್ರತಿ ಸಲ ಕೇಳುತ್ತಾರೆ. ಆ ಹಕ್ಕು ಸರ್ಕಾರದ ಎದುರಿಗೆ. ಎನ್‌ಬಿಎ ಸರ್ಕಾರ ಅಲ್ಲ, ಮೂವತ್ತು ಮಾಲೀಕರ ಒಂದು ಕೂಟ. ಸೇರುವಾಗ ಅದರ ನಿಯಮಕ್ಕೆ ಸಹಿ ಹಾಕಿರುತ್ತಾರೆ. ಮುಕ್ಕಾಲು ಪಾಲು ಸದಸ್ಯರು ಸೇರಿದರೆ ಒಬ್ಬರನ್ನು ಹೊರಹಾಕಬಹುದು. ನಿಮ್ಮ ಅಪಾರ್ಟ್‌ಮೆಂಟ್ ಕ್ಲಬ್ಬಿನ ಹಾಗೇ, ಸೊನ್ನೆಗಳು ಮಾತ್ರ ಜಾಸ್ತಿ. ಮತ್ತೆ ಆ ಮತದಾನ ನಡೆಯಲೇ ಇಲ್ಲ. "ಕಿತ್ಕೊಂಡ್ರು" ಅನ್ನೋದೇ ಸರಿ ಅಲ್ಲ.

ನಡೆದದ್ದು ಇದು. ತಂಡ ಕುಟುಂಬದ ಟ್ರಸ್ಟಿನ ಹೆಸರಲ್ಲಿತ್ತು. ಹೆಂಡತಿ ಶೆಲ್ಲಿಯೂ ಅದರಲ್ಲಿ ಟ್ರಸ್ಟಿ. ಗಂಡನಿಗೆ ವ್ಯವಹಾರ ನೋಡುವಷ್ಟು ಬುದ್ಧಿ ಸ್ಥಿಮಿತ ಇಲ್ಲ ಅಂತ ವೈದ್ಯರಿಂದ ಬರೆಸಿಕೊಂಡು ಆಕೆಯೇ ಮಾರಾಟಕ್ಕೆ ಇಳಿದರು. ಸ್ಟರ್ಲಿಂಗ್ ಕೋರ್ಟಿಗೆ ಹೋದ, ಸೋತ. 2014ರ ಆಗಸ್ಟ್‌ನಲ್ಲಿ ತಂಡ ಮೈಕ್ರೋಸಾಫ್ಟ್‌ನ ಮಾಜಿ ಮುಖ್ಯಸ್ಥ ಸ್ಟೀವ್ ಬಾಮರ್ ಕೈಗೆ ಹೋಯಿತು. ಬೆಲೆ 200 ಕೋಟಿ ಡಾಲರ್. ಅದೇ ವರ್ಷ ಮಿಲ್ವಾಕಿ ಬಕ್ಸ್ ತಂಡ 55 ಕೋಟಿಗೆ ಮಾರಾಟವಾಗಿತ್ತು, ಅದೇ ಅಲ್ಲಿಯತನಕದ ದಾಖಲೆ. ಕೊಂಡ ಬೆಲೆಯ ನೂರರವತ್ತು ಪಟ್ಟು. ಇಂಥ ಶಿಕ್ಷೆ ನನಗೂ ಒಂದು ಕೊಡಿಸಿ ಅಂತ ನಾನು ಹೇಳೋದುಂಟು. ಇಲ್ಲಿಗೆ ಬಂದಾಗ ಕಾಫಿ ಅಂಗಡಿಯಲ್ಲಿ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಇನ್ನು ರೆಕಾರ್ಡ್ ಮಾಡಿದ ವಿಷಯ. ಅದರಲ್ಲಿ ನನಗೂ ಕಸಿವಿಸಿ ಇದೆ. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಮಾತನ್ನು ಎಲ್ಲರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡುವ ಹಾಗಿಲ್ಲ. ಅವನಿಗೆ ಗೊತ್ತಿದ್ದೇ ರೆಕಾರ್ಡ್ ಆಗಿದ್ದು ಅಂತ ಆಕೆ ಹೇಳಿದಳು. ಆಗ ಡಲ್ಲಾಸ್ ತಂಡದ ಮಾಲೀಕರಾಗಿದ್ದ ಮಾರ್ಕ್ ಕ್ಯೂಬನ್ ಅವನ ಮಾತನ್ನು ಖಂಡಿಸಿಯೂ, ಮನೆಯೊಳಗೆ ಆಡಿದ್ದಕ್ಕೆ ಆಸ್ತಿ ಹೋಗೋದಾದರೆ ಇದು ಎಲ್ಲಿಗೆ ಹೋಗಿ ನಿಲ್ಲುತ್ತೆ ಅನ್ನೋ ಭಯ ಹೇಳಿಕೊಂಡಿದ್ದರು. ಸುಮ್ನೆ ತಳ್ಳಿಹಾಕುವ ಭಯ ಅಲ್ಲ. ನನ್ನ ಫೋನಿನ ಎಲ್ಲ ಮಾತೂ ಹೊರಗೆ ಬಂದರೆ ಭಾನುವಾರದ ಕೋಚಿಂಗ್‌ಗೂ ಯಾರೂ ಮಕ್ಕಳನ್ನು ಕಳಿಸಲಿಕ್ಕಿಲ್ಲ. ಆದರೆ ನಾನು ಆ ಮಾತಿನ ಪ್ರಕಾರ ಯಾರಿಗೂ ಮನೆ ಕೊಡದೆ ಕಳಿಸಿಲ್ಲ, ಯಾರ ಸಂಬಳವನ್ನೂ ಭಿಕ್ಷೆ ಅಂತ ಲೆಕ್ಕ ಹಾಕಿಲ್ಲ. ನಾನು ನೋಡೋದು ಆ ವ್ಯತ್ಯಾಸವನ್ನು.

2019ರಲ್ಲಿ ಇನ್ನೊಂದು ಸಣ್ಣ ಬದಲಾವಣೆ ಆಯಿತು. "ಓನರ್" ಅನ್ನೋ ಪದವನ್ನು ಲೀಗು ಬಿಡುತ್ತಾ ಬಂದಿದೆ, ಈಗ "ಗವರ್ನರ್" ಅನ್ನುತ್ತೇವೆ ಅಂತ ಸಿಲ್ವರ್ ಹೇಳಿದರು. ಆಡುವವರಲ್ಲಿ ಹೆಚ್ಚಿನವರು ಕಪ್ಪು ಜನ ಇರುವಾಗ ಆ ಪದ ಕಿವಿಗೆ ಹೇಗೆ ಕೇಳುತ್ತೆ ಅಂತ ಕೆಲವು ಆಟಗಾರರು ಕೇಳಿದ್ದರು. ಹೋದ ವಾರ ಇದನ್ನು ಹೇಳಿದಾಗ ಪಾಯಿಂಟ್ ಗಾರ್ಡ್ ಆಡುವ ನಮ್ಮ ಹುಡುಗಿ ಅಪ್ಪನ ಪಕ್ಕದಲ್ಲೇ ಬಾದಾಮಿ ಹಾಲು ಕುಡಿಯುತ್ತಾ ಕೂತಿದ್ದಳು. "ಹಾಗಾದ್ರೆ ನಮ್ ಮನೆ ಓನರ್ ಅಂಕಲ್‌ಗೆ ಏನಂತ ಕರೀಬೇಕು ಸಾರ್?" ಅಂದಳು.

ಅವರಪ್ಪ ಆಕಡೆ ಈಕಡೆ ನೋಡಿದರು. ಓನರ್ ಅಂಕಲ್ ಎರಡು ಕುರ್ಚಿ ಆಚೆಗೇ ಕೂತಿದ್ದರು.