ಹೊಸ ಸ್ಟಿಕ್ಕಿಗೆ ಹಳೆಯ ಅಳತೆ: ನಿಂಟೆಂಡೊ 64 ಕಂಟ್ರೋಲರ್ ಕೆಲಸದ ಪಾಠ

ನಿಂಟೆಂಡೊ 64 ಎಂಬ ಹಳೆಯ ಗೇಮ್ ಕನ್ಸೋಲಿಗೆ ಬದಲಿ ಕಂಟ್ರೋಲರ್ ಮಾಡಲು ಕೂತವರು ಮೊದಲು ಹುಡುಕುವುದು ಒಳ್ಳೆಯ ಸ್ಟಿಕ್, ಅಂದರೆ ಹೆಬ್ಬೆರಳಿನಿಂದ ತಳ್ಳುವ ಕಡ್ಡಿ. ಆಯಸ್ಕಾಂತದಿಂದ ಸ್ಥಾನ ಅಳೆಯುವ ಹಾಲ್ ಸೆನ್ಸರ್ ಇರುವ, ಬೇಗ ಸವೆಯದ, ನಯವಾಗಿ ಓಡಾಡುವ ಸ್ಟಿಕ್ ಈಗ ಸುಲಭವಾಗಿ ಸಿಗುತ್ತದೆ. ಅದನ್ನು ಕೂರಿಸಿ, ಸ್ಟಿಕ್ ಎಷ್ಟು ವಾಲಿದೆ ಎಂಬ ಸಂಖ್ಯೆಯನ್ನು ಎಂಟು ಬಿಟ್‌ಗೆ ಹಿಡಿಯುವಷ್ಟೂ, ಅಂದರೆ ಎರಡೂ ಕಡೆ 127ರವರೆಗೆ ಕಳಿಸುವಂತೆ ಫರ್ಮ್‌ವೇರ್ (ಕಂಟ್ರೋಲರಿನ ಚಿಪ್ಪಿನೊಳಗಿನ ಪ್ರೋಗ್ರಾಂ) ಬರೆದರೆ, ಟೆಸ್ಟ್ ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆಟಕ್ಕೆ ಹಾಕಿದ ಮೇಲೆ ಕೈ ಲೆಕ್ಕ ತಪ್ಪುತ್ತದೆ. ಗೋಲ್ಡನ್‌ಐ ಎಂಬ ಗುಂಡು ಹಾರಿಸುವ ಆಟದಲ್ಲಿ ಗುರಿ ಒಂದು ಕಡೆ ನಿಲ್ಲುವುದಿಲ್ಲ. ಮಾರಿಯೊನನ್ನು ಮೆಲ್ಲಗೆ ನಡೆಸೋಣವೆಂದರೆ ಆಗಲೇ ಓಡಿರುತ್ತಾನೆ.

1996ರಲ್ಲಿ ಬಂದ ಮೂಲ ಸ್ಟಿಕ್ 127ರ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಹೊಸದಾಗಿದ್ದಾಗ ಮೇಲೆ, ಕೆಳಗೆ, ಎಡ, ಬಲಕ್ಕೆ ಸುಮಾರು 80ರಿಂದ 85. ಮೂಲೆಗೆ ತಳ್ಳಿದರೆ ಎರಡೂ ಅಕ್ಷಗಳಲ್ಲಿ ಸುಮಾರು 70. ಆಟ ಬರೆದವರ ಕೈಯಲ್ಲಿ ಇದ್ದದ್ದು ಆ ಸ್ಟಿಕ್, ಅವರು ಹದ ಮಾಡಿದ್ದೂ ಆ ಅಳತೆಗೇ.

ಸೂಪರ್ ಮಾರಿಯೊ 64ರ ಒಳಗಿನ ಲೆಕ್ಕ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಯಾವುದೇ ಅಕ್ಷದಲ್ಲಿ 7ರವರೆಗಿನ ಮೌಲ್ಯವನ್ನು ಆಟ ಗಣನೆಗೇ ತೆಗೆದುಕೊಳ್ಳುವುದಿಲ್ಲ. ಅದರಿಂದಾಚೆಗೆ 6 ಕಳೆಯುತ್ತದೆ, ಉಳಿದದ್ದನ್ನು 64ಕ್ಕೆ ಮಿತಿಗೊಳಿಸುತ್ತದೆ. ಹಾಗಾಗಿ ಸ್ಟಿಕ್ 70 ಕಳಿಸಿತೆಂದರೆ ಮಾರಿಯೊ ಪೂರ್ತಿ ಓಟದಲ್ಲಿದ್ದಾನೆ. 84ಕ್ಕೆ ನಿಲ್ಲುವ ಸ್ಟಿಕ್ಕಿನಲ್ಲಿ 70 ಬರುವುದು ಚಲನೆಯ 83 ಪ್ರತಿಶತದಲ್ಲಿ. 127ರ ಸ್ಟಿಕ್ಕಿನಲ್ಲಿ 55 ಪ್ರತಿಶತಕ್ಕೇ ಬಂದುಬಿಡುತ್ತದೆ. ಉಳಿದ ಅರ್ಧದಷ್ಟು ಚಲನೆ ವ್ಯರ್ಥ, ನಡಿಗೆ, ತೆವಳು ನಡಿಗೆಗಳೆಲ್ಲ ಮಧ್ಯದ ಚೂರು ಜಾಗದಲ್ಲಿ ಇಕ್ಕಟ್ಟಾಗುತ್ತವೆ. ಇನ್ನೊಂದು ತುದಿಯಲ್ಲಿ, ಸವೆದು 60ಕ್ಕೆ ಇಳಿದ ಹಳೆಯ ಸ್ಟಿಕ್ ಇದೆ ಎನ್ನಿ. 60ರಲ್ಲಿ 6 ಕಳೆದರೆ 54. ಆಟ ಈ ಅನುಪಾತವನ್ನು ವರ್ಗ ಮಾಡಿ ವೇಗಕ್ಕೆ ಬಳಸುವುದರಿಂದ ಸಿಗುವುದು ಪೂರ್ತಿ ತಳ್ಳಿನ 71 ಪ್ರತಿಶತ ಮಾತ್ರ. ‘ಮಾರಿಯೊ ಯಾಕೋ ನಿಧಾನ’ ಎಂದು ರಿಪೇರಿಗೆ ಬರುವ ಕಂಟ್ರೋಲರುಗಳ ಕಥೆ ಬಹುತೇಕ ಇದೇ.

ಸವೆಯುವುದು ಎಲ್ಲಿ ಎಂಬುದು ಬಿಚ್ಚಿದರೆ ಕಣ್ಣಿಗೇ ಕಾಣುತ್ತದೆ. ಹಿಂಭಾಗದ ಸ್ಕ್ರೂಗಳ ಜೊತೆ ಎಕ್ಸ್‌ಪಾನ್ಷನ್ ಸ್ಲಾಟಿನೊಳಗಿನ ಎರಡು ಸಣ್ಣ ಸ್ಕ್ರೂಗಳನ್ನೂ ಬಿಚ್ಚಿ. ಅವನ್ನು ಮರೆತು ಎಳೆದರೆ ಹೊರಕವಚ ಸೀಳುತ್ತದೆ. ಸ್ಟಿಕ್ಕಿನ ಬುಡ ಒಂದು ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕೂತಿರುತ್ತದೆ. ಅದರ ಮೇಲೆ ಅಡ್ಡಕ್ಕೊಂದು ಉದ್ದಕ್ಕೊಂದು ಕಮಾನು, ಪ್ರತಿ ಕಮಾನಿನ ತುದಿಯಲ್ಲಿ ಹಲ್ಲು, ಆ ಹಲ್ಲಿಗೆ ಸಿಕ್ಕಿಕೊಂಡ ಸೀಳುಗಳಿರುವ ಚಕ್ರ. ಸೀಳುಗಳ ಮೂಲಕ ಹಾಯುವ ಬೆಳಕನ್ನು ಸೆನ್ಸರ್ ಎಣಿಸುತ್ತದೆ. ಎಲೆಕ್ಟ್ರಾನಿಕ್ ಭಾಗಕ್ಕೆ ಸವೆತವೇ ಇಲ್ಲ. ಪ್ಲಾಸ್ಟಿಕ್ ಪ್ಲಾಸ್ಟಿಕ್ಕಿಗೆ ಉಜ್ಜಿ ಬಟ್ಟಲಿನ ತಳದಲ್ಲಿ ಹಿಟ್ಟಿನಂಥ ಬಿಳಿ ಪುಡಿ ಕೂತಿರುತ್ತದೆ, ಕಮಾನಿನ ಸೀಳು ಅಗಲವಾಗಿರುತ್ತದೆ. ಸ್ಟಿಕ್ ಅಲ್ಲಾಡಿದರೂ ಸ್ವಲ್ಪ ದೂರ ಕಮಾನು ಅಲ್ಲಾಡುವುದಿಲ್ಲ. ನಡುವಿನ ಸಡಿಲವೂ ತುದಿಯ ಕೊರತೆಯೂ ಅಲ್ಲಿಂದಲೇ. ಪುಡಿ ಒರೆಸಿ ಸಿಲಿಕೋನ್ ಗ್ರೀಸ್ ಅನ್ನು ಸಾಸಿವೆ ಕಾಳಿನಷ್ಟು ಹಚ್ಚಿದರೆ ಮುಂದಿನ ಸವೆತ ನಿಧಾನವಾಗುತ್ತದೆ, ಆಗಿಹೋದದ್ದು ಮರಳುವುದಿಲ್ಲ. ಕೊಬ್ಬರಿ ಎಣ್ಣೆ ಬಿಡುವುದು ಬೇಡವೇ ಬೇಡ, ಪುಡಿ ಅಂಟಾಗಿ ಚಕ್ರದ ಹಲ್ಲಿಗೆ ಮೆತ್ತಿಕೊಳ್ಳುತ್ತದೆ.

ಆದ್ದರಿಂದ ಹೊಸ ವಿನ್ಯಾಸದ ಮೊದಲ ಕೆಲಸ ಅಳತೆ. ಕಡಿಮೆ ಬಳಕೆಯಾದ ಮೂಲ ಕಂಟ್ರೋಲರುಗಳನ್ನು ಹುಡುಕಿ, ನಮಗೆ ಬೇಕಾದ ಪ್ರೋಗ್ರಾಂ ತುಂಬಬಹುದಾದ ಫ್ಲ್ಯಾಶ್ ಕಾರ್ಟ್ರಿಜ್‌ನಲ್ಲಿ ಕಂಟ್ರೋಲರ್ ಟೆಸ್ಟ್ ಪ್ರೋಗ್ರಾಂ ಹಾಕಿ, ಎಂಟು ದಿಕ್ಕಿಗೂ ಐದೈದು ಸಲ ತಳ್ಳಿ ಬರೆದಿಟ್ಟುಕೊಳ್ಳಿ. ಒಂದೇ ಕಂಟ್ರೋಲರ್ ನಂಬಿ ಮಾಡಿದರೆ ಅದರ ಸವೆತವನ್ನೇ ಹೊಸದಕ್ಕೆ ನಕಲು ಮಾಡಿದಂತಾಗುತ್ತದೆ.

ನಂತರ ಹೊಂದಿಸುವುದು. 12 ಬಿಟ್‌ನ ಎಡಿಸಿಯಲ್ಲಿ (ವೋಲ್ಟೇಜನ್ನು ಸಂಖ್ಯೆಯಾಗಿಸುವ ಘಟಕ) ಸ್ಟಿಕ್ಕಿನ ನಡು 2050, ಬಲತುದಿ 3600 ಬಂತೆನ್ನಿ. ವ್ಯತ್ಯಾಸ 1550. ಅದನ್ನು 84ಕ್ಕೆ ಇಳಿಸಿದರೆ ಎಡಿಸಿಯ ಸುಮಾರು 18 ಎಣಿಕೆಗೆ ಆಟದ ಒಂದು ಎಣಿಕೆ. ಎಡಕ್ಕೆ ಅದೇ ವ್ಯತ್ಯಾಸ 1490 ಇರಬಹುದು, ಹಾಗಾಗಿ ನಾಲ್ಕೂ ಕಡೆಗೆ ನಾಲ್ಕು ಬೇರೆ ಗುಣಕ ಇಡಿ. ಒಂದೇ ಗುಣಕ ಇಟ್ಟರೆ ಒಂದು ಕಡೆ 84, ಇನ್ನೊಂದು ಕಡೆ 81 ಎಂದಾಗಿ ಕೈಗೆ ಒರಟಾಗಿ ತಿಳಿಯುತ್ತದೆ. ಎಡಿಸಿಯ ರೆಫರೆನ್ಸೂ ಸ್ಟಿಕ್ಕಿನ ವೋಲ್ಟೇಜೂ ಒಂದೇ 3.3 ವೋಲ್ಟ್ ತಂತಿಯಿಂದ ಬರಲಿ; ಆಗ ಪೊಟೆನ್ಶಿಯೋಮೀಟರ್ (ತಿರುಗಿಸಿದಂತೆ ವೋಲ್ಟೇಜ್ ಬದಲಿಸುವ ರೆಸಿಸ್ಟರ್) ಇರುವ ಸ್ಟಿಕ್ಕಿನಲ್ಲಿ ಸಪ್ಲೈ ಸ್ವಲ್ಪ ಕುಸಿದರೂ ಅನುಪಾತ ಕೆಡುವುದಿಲ್ಲ.

ಎಲ್ಲರೂ ಎಡವುವುದು ಮೂಲೆಗಳಲ್ಲಿ. ಮೂಲ ಸ್ಟಿಕ್ಕಿನ ಸುತ್ತ ಎಂಟು ಮೂಲೆಯ ಚೌಕಟ್ಟಿದೆ, ಈಗಿನ ಬಹುತೇಕ ಸ್ಟಿಕ್ಕುಗಳಿಗೆ ದುಂಡನೆಯದು. ದುಂಡನೆಯದನ್ನು 84ಕ್ಕೆ ಹೊಂದಿಸಿದರೆ ಮೂಲೆಯಲ್ಲಿ ಸಿಗುವುದು 84ರ 0.707ರಷ್ಟು, ಅಂದರೆ 59. ಮೂಲದಲ್ಲಿ ಇದ್ದದ್ದು 70. ಇದನ್ನು ಫರ್ಮ್‌ವೇರಿನಲ್ಲಿ ಸರಿಮಾಡಬಹುದು: ಕೋನ ಲೆಕ್ಕ ಹಾಕಿ, 45 ಡಿಗ್ರಿಯ ಹತ್ತಿರ ಉದ್ದವನ್ನು ಹಂತಹಂತವಾಗಿ ಹಿಗ್ಗಿಸುವುದು. ಆದರೆ ಹೆಬ್ಬೆರಳಿಗೆ ಮೂಲೆಯ ಆಸರೆ ಬೇಕು. ಆ ಗೀರಿನಲ್ಲಿ ಸ್ಟಿಕ್ ಕೂತಾಗಲೇ ದಿಕ್ಕು ಗಟ್ಟಿ ಎಂದು ಕೈಗೆ ಗೊತ್ತಾಗುವುದು. ಎಂಟು ಮೂಲೆಯ ಚೌಕಟ್ಟನ್ನೂ ಮೌಲ್ಡ್ ಮಾಡಿಸಿ ಎಂದೇ ನಮ್ಮ ಸಲಹೆ. ಖರ್ಚು ಕಡಿಮೆ, ಸಿಗುವ ನೆಮ್ಮದಿ ಬಹಳ.

ಡೆಡ್‌ಝೋನ್, ಅಂದರೆ ಕಂಟ್ರೋಲರ್ ಸೊನ್ನೆಯೆಂದೇ ಎಣಿಸುವ ನಡುವಿನ ಜಾಗ, ಆದಷ್ಟು ಚಿಕ್ಕದಿರಲಿ. ಸ್ಪ್ರಿಂಗ್ ನಡುವಿಗೆ ಮರಳುವಾಗ ಮೂರ್ನಾಲ್ಕು ಎಣಿಕೆ ಆಚೀಚೆ ನಿಲ್ಲುತ್ತದೆ, ಅಷ್ಟನ್ನು ಮುಚ್ಚಿದರೆ ಸಾಕು. ಮಾರಿಯೊದಂಥ ಆಟ ಆಗಲೇ 7ರವರೆಗೆ ಬಿಟ್ಟುಬಿಡುತ್ತದೆ. ಅದರ ಮೇಲೆ ಕಂಟ್ರೋಲರಿನಲ್ಲೂ 10 ಬಿಟ್ಟರೆ ಸಣ್ಣ ಚಲನೆಗಳೆಲ್ಲ ಮಾಯವಾಗುತ್ತವೆ.

ಹಳೆಯ ಬೋರ್ಡನ್ನು ಇಟ್ಟುಕೊಂಡು ಸ್ಟಿಕ್ ಮಾಡ್ಯೂಲ್ ಮಾತ್ರ ಬದಲಿಸುವುದಾದರೆ ಬೇರೆ ತೊಡಕಿದೆ. ಆ ಬೋರ್ಡು ಕಾಯುವುದು ಚಕ್ರದ ಎಣಿಕೆಯ ಪಲ್ಸ್‌ಗಳಿಗೆ, ವೋಲ್ಟೇಜಿಗಲ್ಲ. ಮಾಡ್ಯೂಲಿನೊಳಗಿನ ಪುಟ್ಟ ಚಿಪ್ ವೋಲ್ಟೇಜನ್ನು ಪಲ್ಸ್ ಮಾಡಿ ಕೊಡಬೇಕು. ಸ್ಟಿಕ್ ಪಟ್ಟನೆ ತಿರುಗಿದಾಗ ಒಂದೆರಡು ಪಲ್ಸ್ ತಪ್ಪಿದರೂ ಬೋರ್ಡಿನ ಎಣಿಕೆ ಅಷ್ಟೇ ಸರಿಯುತ್ತದೆ, ನಡು ನಡುವಾಗಿ ಉಳಿಯುವುದಿಲ್ಲ. ಐದು ನಿಮಿಷ ಆಡಿದ ಮೇಲೆ ಮಾರಿಯೊ ತಾನಾಗಿ ಎಡಕ್ಕೆ ನಡೆಯುತ್ತಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ.

ಪೂರ್ತಿ ಹೊಸ ಬೋರ್ಡಾದರೆ ಕನ್ಸೋಲ್ ಜೊತೆ ನೀವೇ ಮಾತಾಡಬೇಕು. ತಂತಿ ಮೂರೇ: ಗ್ರೌಂಡ್, 3.3 ವೋಲ್ಟ್, ಡೇಟಾ. ಒಂದು ಬಿಟ್‌ಗೆ 4 ಮೈಕ್ರೊಸೆಕೆಂಡ್. ಸೊನ್ನೆಯಾದರೆ 3 ಮೈಕ್ರೊಸೆಕೆಂಡ್ ಕೆಳಗೆ 1 ಮೇಲೆ, ಒಂದಾದರೆ 1 ಕೆಳಗೆ 3 ಮೇಲೆ. ಡೇಟಾ ತಂತಿಯನ್ನು ಕೆಳಗೆ ಎಳೆಯಿರಿ, ಬಿಡಿ. ಮೇಲಕ್ಕೆ ಒಯ್ಯುವುದು ಪುಲ್‌ಅಪ್ ರೆಸಿಸ್ಟರಿನ ಕೆಲಸ. 5 ವೋಲ್ಟಿನ ಮೈಕ್ರೊಕಂಟ್ರೋಲರ್ ಪಿನ್ನನ್ನು ನೇರ ಮೇಲೆ ತಳ್ಳಿದರೆ ಕನ್ಸೋಲಿನ ಚಿಪ್ಪಿಗೇ ಪೆಟ್ಟು. ಕನ್ಸೋಲ್ ಕೇಳಿದಾಗ 32 ಬಿಟ್ ಉತ್ತರ: ಎರಡು ಬೈಟ್ ಬಟನ್, ಒಂದು ಎಕ್ಸ್, ಒಂದು ವೈ. ಆ ಕ್ಷಣದಲ್ಲಿ ಎಡಿಸಿ ಓದಲು ಹೋಗಬೇಡಿ, ಮೊದಲೇ ಓದಿಟ್ಟದ್ದನ್ನು ಕೊಡಿ. ಉತ್ತರ ತಡವಾದರೆ ಆಟ ಕಂಟ್ರೋಲರೇ ಇಲ್ಲವೆಂದುಕೊಳ್ಳುತ್ತದೆ. 16 ಮೆಗಾಹರ್ಟ್ಸ್ ಮೈಕ್ರೊಕಂಟ್ರೋಲರ್ ಆದ ಎವಿಆರ್‌ನಲ್ಲಿ ಒಂದು ಮೈಕ್ರೊಸೆಕೆಂಡಿಗೆ ಸಿಗುವುದು 16 ಕ್ಲಾಕ್, ಇಂಟರಪ್ಟ್ (ನಡುವೆ ನುಗ್ಗುವ ಬೇರೆ ಕೆಲಸದ ಕರೆ) ನಿಲ್ಲಿಸದೆ ಬಿಟ್‌ಗಳ ತಾಳ ಹಿಡಿಯುವುದು ಸಾಧ್ಯವಿಲ್ಲ. ರಾಸ್ಪ್‌ಬೆರಿ ಪೈ ಪಿಕೊ ಎಂಬ ಪುಟ್ಟ ಬೋರ್ಡ್ ಬಳಸಿದರೆ ಅದರ ಪಿಐಒ ಘಟಕ ಈ ತಾಳವನ್ನು ತಾನೇ ನೋಡಿಕೊಳ್ಳುತ್ತದೆ. ಪರೀಕ್ಷೆಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ 24 ಮೆಗಾಹರ್ಟ್ಸ್ ಲಾಜಿಕ್ ಅನಲೈಸರ್ (ತಂತಿಯ ಮೇಲಿನ ಬಿಟ್‌ಗಳನ್ನು ತೋರಿಸುವ ಸಾಧನ) ಧಾರಾಳ ಸಾಕು.

ಆಕಾರದ ವಿಷಯಕ್ಕೆ ಬಂದರೆ, ಮೂಲದ ಮೂರು ಹಿಡಿಕೆಯನ್ನು ಎರಡು ಮಾಡಿದಾಗ ಝಡ್ ಬಟನ್ನಿಗೆ ಜಾಗ ಬೇಕು. ಮೂಲದಲ್ಲಿ ಅದು ಸ್ಟಿಕ್ಕಿನ ಹಿಂದೆಯೇ ತೋರುಬೆರಳಿಗೆ ಸಿಗುತ್ತಿತ್ತು. ಎಡ ಹೆಬ್ಬೆರಳು ಸ್ಟಿಕ್ಕಿನ ಮೇಲಿರುವುದರಿಂದ ಎಡ ಹಿಂಭಾಗದಲ್ಲಿ ಒಂದು ಝಡ್ ಇರಲೇಬೇಕು, ಬಲಕ್ಕೂ ಒಂದು ಕೊಟ್ಟರೆ ಒಳ್ಳೆಯದು. ಬಲಗಡೆಯ ನಾಲ್ಕು ದಿಕ್ಕಿನ ಸಿ ಬಟನ್ನುಗಳ ಬದಲು ಎರಡನೇ ಸ್ಟಿಕ್ ಇಡುವುದಾದರೆ 60 ಪ್ರತಿಶತ ತಳ್ಳಿದಾಗ ಒತ್ತಿದಂತೆ, 45ಕ್ಕೆ ಇಳಿದಾಗ ಬಿಟ್ಟಂತೆ ಲೆಕ್ಕ ಹಿಡಿಯಿರಿ. ಎರಡಕ್ಕೂ ಒಂದೇ ಗಡಿ ಇಟ್ಟರೆ ಬಟನ್ ಪಟಪಟನೆ ಮಿಡಿಯುತ್ತದೆ. ಆದರೂ ಆಕ್ಯರಿನಾ ಆಫ್ ಟೈಮ್‌ನಂಥ ಆಟದಲ್ಲಿ ಸಿ ಬಟನ್ನಿಗೆ ವಸ್ತುಗಳೂ ರಾಗದ ಸ್ವರಗಳೂ ಅಂಟಿಕೊಂಡಿವೆ; ಸ್ಟಿಕ್ ಓರೆಯಾದರೆ ಬೇಡದ ಸ್ವರ ನುಡಿಯುತ್ತದೆ. ನಾಲ್ಕು ಬಟನ್ನೇ ಮೇಲು.

ಡಿ-ಪ್ಯಾಡಿನ (ಪ್ಲಸ್ ಆಕಾರದ ದಿಕ್ಕಿನ ಬಟನ್) ಕೆಳಗಿನ ಗೂಟ ಗಿಡ್ಡವಾದರೆ ಮೇಲೆ, ಕೆಳಗೆ ಎರಡೂ ಒಟ್ಟಿಗೆ ತಾಗುತ್ತವೆ. ಗೂಟ ಸರಿಮಾಡಿ, ಫರ್ಮ್‌ವೇರಿನಲ್ಲೂ ಎದುರುಬದುರಿನ ಜೋಡಿಯನ್ನು ತಡೆಯಿರಿ.

ಕೊನೆಗೆ, ಹೊಸ ಬೋರ್ಡಿನ ಫರ್ಮ್‌ವೇರಿನಲ್ಲಿ ಬಹಳಷ್ಟು ಸಲ ಬಿಟ್ಟುಹೋಗುವ ಒಂದು ಅಂಶ. ಮೂಲ ಕಂಟ್ರೋಲರ್ ಆನ್ ಆದಾಗ ಸ್ಟಿಕ್ ಎಲ್ಲಿದೆಯೋ ಅದನ್ನೇ ನಡು ಎಂದುಕೊಳ್ಳುತ್ತದೆ, ಎಲ್, ಆರ್, ಸ್ಟಾರ್ಟ್ ಮೂರನ್ನೂ ಒತ್ತಿದರೆ ಮತ್ತೆ ನಡು ಹಿಡಿಯುತ್ತದೆ. ಆಗ ಕನ್ಸೋಲಿಗೆ ಹೋಗುವ ಉತ್ತರದಲ್ಲಿ ರಿಸೆಟ್ ಬಿಟ್ ಒಂದಾಗುತ್ತದೆ, ಸ್ಟಾರ್ಟ್ ಬಿಟ್ ಸೊನ್ನೆಯಾಗುತ್ತದೆ. ನಿಮ್ಮ ಬೋರ್ಡಿನಲ್ಲಿ ನಡು ಮೆಮೊರಿಯಲ್ಲಿ ಉಳಿದಿದ್ದರೂ ಈ ಮೂರು ಬಟನ್ನಿನ ವರ್ತನೆ ಹಾಗೆಯೇ ಇರಲಿ. ಸ್ಟಾರ್ಟ್ ಬಿಟ್ ಹಾಗೇ ಹೋದರೆ, ನಡು ಸರಿಮಾಡಲು ಹೊರಟವನ ಆಟ ಪಾಝ್ ಆಗಿ ನಿಲ್ಲುತ್ತದೆ.