ಅಘನಾಶಿನಿ ದಡದ ಕಾಂಡ್ಲಾ: ಈ ಮಳೆಗಾಲದ ಕೆಲಸ

ಕುಮಟಾ ಕಡೆ ಅಘನಾಶಿನಿ ಹೊಳೆಯ ಉಪ್ಪುನೀರು ಹತ್ತುವ ಗದ್ದೆಗೆ ಗಜನಿ ಅನ್ನುತ್ತಾರೆ. ಅದರ ಬಂಡಿನ, ಅಂದರೆ ಮಣ್ಣಿನ ಒಡ್ಡಿನ, ಹೊರಮೈಗೆ ಹೋದ ವರ್ಷ ನೆಟ್ಟ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಈ ಮಳೆಯನ್ನೂ ತಡೆದುಕೊಂಡಿವೆ. ಹೆಚ್ಚಿನವು ಹೊಸ ಎಲೆ ಬಿಟ್ಟಿವೆ. ತೋಡಿನ ಬಾಯಿಯ ಹತ್ತಿರದವು ಮಾತ್ರ ಕೊಚ್ಚಿಹೋಗಿವೆ. ಅಲ್ಲಿ ಇಳಿತದ ಸೆಳೆತ ಜಾಸ್ತಿ.

ಈ ಸಲದ ಬೀಜ ಆರಿಸಿ ಆಯಿತು. ಕಾಂಡ್ಲಾ ಬೀಜ ಮರದ ಮೇಲೇ ಮೊಳೆತು, ನುಗ್ಗೆಕಾಯಿ ಹಾಗೆ ಉದ್ದಕ್ಕೆ ನೇತಾಡುತ್ತದೆ. ಮೇಲಿನ ಟೊಪ್ಪಿಯ ಕೆಳಗೆ ಹಳದಿ ಉಂಗುರ ಕಂಡರೆ ಬಲಿತಿದೆ ಅಂತ ಲೆಕ್ಕ. ಮೆಲ್ಲಗೆ ಹಿಡಿದರೂ ಕಳಚಿ ಬರುತ್ತದೆ. ಎಳೆಯದನ್ನು ಜಗ್ಗಿ ಕೀಳಬಾರದು. ತಂದದ್ದನ್ನು ಕೆಲವು ದಿನ ನೆರಳಲ್ಲಿ ಇಟ್ಟಿದ್ದೇವೆ, ಹಸಿ ಇದ್ದರೆ ಏಡಿಗಳ ಕಾಟ ಜಾಸ್ತಿ. ಆಮೇಲೆ ಇಳಿತ ನೋಡಿ ಕೆಸರಿಗೆ ಊರುವುದು, ಅಷ್ಟೆ.

ಎಲ್ಲಿ ನೆಡಬೇಕು ಅನ್ನುವುದರ ಮೇಲೆ ಮಾತ್ರ ದೊಡ್ಡ ಚರ್ಚೆಯೇ ಆಯಿತು. ಇಳಿತದಲ್ಲಿ ಏಳುವ ಕೆಸರು ದಿಬ್ಬ ಖಾಲಿ ಇದೆ, ಅಲ್ಲೂ ನೆಡೋಣ ಅಂತ ಕೆಲವರು. ಬೆಳಚು (ಕೆಸರಲ್ಲಿ ಸಿಗುವ ಚಿಪ್ಪಿ) ಹೆಕ್ಕುವ ಅಕ್ಕ ಒಬ್ಬರು ಅಲ್ಲೇ ಕೆಸರಿಗೆ ಕೈ ಹಾಕಿ ಮುಷ್ಟಿ ತುಂಬ ಬೆಳಚು ತೆಗೆದರು. "ಇದು ಖಾಲಿ ಜಾಗನಾ ತಮಾ?" ಅಂದರು. ಆ ಚಿಪ್ಪಿಜೀವಗಳು ನೀರು ಸೋಸುತ್ತವೆ. ಚಳಿಗಾಲಕ್ಕೆ ವಲಸೆ ಬರುವ ಹಕ್ಕಿಗಳು ಅದೇ ಕೆಸರಲ್ಲಿ ಕೊಕ್ಕು ಹಾಕಿ ಮೇಯುತ್ತವೆ. ಎಷ್ಟೋ ಮನೆಯ ಒಲೆ ಉರಿಯುವುದೂ ಅದರಿಂದಲೇ. ದಿಬ್ಬಕ್ಕೆ ಕೈ ಹಚ್ಚುವುದಿಲ್ಲ ಅಂತ ತೀರ್ಮಾನ ಆಯಿತು. ನನಗೆ ಇದು ಗಿಡ ನೆಟ್ಟದ್ದಕ್ಕಿಂತ ದೊಡ್ಡ ಕೆಲಸ ಅನಿಸುತ್ತದೆ.

ಗಜನಿಯ ಒಳಗೂ ನೆಡುವುದಿಲ್ಲ. ಅಲ್ಲಿ ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಸಿಗಡಿ, ಮೀನು. ಕದಿರಷ್ಟೇ ಕೊಯ್ದು ಹುಲ್ಲನ್ನು ನೀರಲ್ಲೇ ಬಿಡುತ್ತಾರೆ, ಅದು ಕೊಳೆತು ಮೀನಿಗೆ ಮೇವಾಗುತ್ತದೆ. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿ, ರಾಮ್ಸರ್ ಪಟ್ಟಿ ಸೇರಿತಲ್ವಾ, ಅದು ಬರೀ ಕಾಂಡ್ಲಾ ಕಾಡಿನ ಲೆಕ್ಕ ಅಲ್ಲ. ಕೆಸರು, ಗಜನಿ, ತೋಡು ಎಲ್ಲ ಸೇರಿದ್ದು. ಶಿರಸಿಯಿಂದ ಇಳಿಯುವ ಹೊಳೆಗೆ ದೊಡ್ಡ ಅಣೆಕಟ್ಟೆ ಇಲ್ಲದ್ದಕ್ಕೆ ಉಪ್ಪು-ಸಿಹಿ ನೀರಿನ ಹದವೂ ಉಳಿದಿದೆ.

ಹಾಗಾಗಿ ಈ ವರ್ಷ ಬಂಡು ಕುಸಿಯುತ್ತಿರುವ ಕಡೆ ಮಾತ್ರ ಗಿಡ. ಉಬ್ಬರ ಎಲ್ಲಿಯವರೆಗೆ ಬರುತ್ತದೆ ಅಂತ ಗೂಟ ಹೊಡೆದು ಗುರುತು ಮಾಡಿದ್ದೇವೆ. ಮುಂದಿನ ಅಮಾವಾಸ್ಯೆಯ ಇಳಿತಕ್ಕೆ ನೆಡುವ ಕೆಲಸ ಶುರು.