ಒಂದು ಟೈರ್ ತಾನೆ

"ಒಂದು ಟೈರ್ ತಾನೆ ಮೇಡಂ."

ಶನಿವಾರದಿಂದ ಈ ಮಾತು ತಲೆಯಿಂದ ಹೋಗುತ್ತಿಲ್ಲ. ಪಾತ್ರೆ ತೊಳೆಯುವಾಗ ನೆನಪಾಗುತ್ತದೆ, ಮಲಗಿದಾಗ ನೆನಪಾಗುತ್ತದೆ. ಹೇಳಿದ ಹುಡುಗನ ಮುಖದಲ್ಲಿ ಮೋಸ ಇರಲಿಲ್ಲ. ನಂಬಿಕೊಂಡೇ ಹೇಳಿದ. ಅದಕ್ಕೇ ಇಷ್ಟು ಕಾಡುತ್ತಿದೆಯೋ ಏನೋ.

ನಾನು ನೋಡಲು ಹೋಗಿದ್ದು ಜಪಾನಿನ ಕಾರು, ಸುಬಾರು ಡಬ್ಲ್ಯುಆರ್‌ಎಕ್ಸ್. 2018ರ ಗಾಡಿ, ಸೆಕೆಂಡ್ ಹ್ಯಾಂಡ್. ಎರಡು ಲೀಟರ್ ಟರ್ಬೊ ಎಂಜಿನ್, 268 ಹಾರ್ಸ್‌ಪವರ್, ಆರು ಗೇರಿನ ಮ್ಯಾನ್ಯುಯಲ್. ಎಂಜಿನ್ನಿನ ಶಕ್ತಿ ಸದಾ ನಾಲ್ಕೂ ಚಕ್ರಕ್ಕೆ ಹೋಗುತ್ತದೆ. ಮುಂದಿನ ಜೋಡಿಗೆ ಅರ್ಧ, ಹಿಂದಿನ ಜೋಡಿಗೆ ಅರ್ಧ.

ಈ ಆಸೆ ತುಂಬಾ ಹಳೆಯದು. ಚಿಕ್ಕವಳಿದ್ದಾಗ ಮಿಷೆಲ್ ಮೂತೋಂ ಅನ್ನುವ ಫ್ರಾನ್ಸಿನ ಡ್ರೈವರ್ ಬಗ್ಗೆ ಓದಿದ್ದೆ. 1981ರಲ್ಲಿ ಆಡಿ ಕ್ವಾಟ್ರೊ ಅನ್ನುವ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರು ಓಡಿಸಿ ಇಟಲಿಯ ಸ್ಯಾನ್ ರೆಮೊ ಕಾರ್ ರ‍್ಯಾಲಿ ಗೆದ್ದವರು. ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್‌ನ ಒಂದು ಸುತ್ತನ್ನು ಹೆಂಗಸೊಬ್ಬರು ಗೆದ್ದಿದ್ದು ಅದೇ ಮೊದಲು. ಮರುವರ್ಷ ಇನ್ನೂ ಮೂರು ರ‍್ಯಾಲಿ ಗೆದ್ದು, ಇಡೀ ಚಾಂಪಿಯನ್‌ಶಿಪ್‌ನಲ್ಲಿ ಎರಡನೆಯವರಾದರು. ನಾಲ್ಕು ಚಕ್ರದ ಡ್ರೈವ್ ಅಂದರೆ ಜೀಪಿಗೆ, ಕೆಸರಿಗೆ ಅಂತಿದ್ದ ಕಾಲ ಅದು. 1980ರಲ್ಲಿ ಕ್ವಾಟ್ರೊ ಬಂದ ಮೇಲೆ ಆ ಲೆಕ್ಕವೇ ಬದಲಾಯಿತು. ಆಮೇಲೆ ಸುಬಾರು ಬಂತು. 1995, 96, 97, ಸಾಲಾಗಿ ಮೂರು ವರ್ಷ ತಯಾರಕರ ಪಟ್ಟ ಗೆದ್ದಿತು. ಆ ನೀಲಿ ಕಾರುಗಳು ಜಲ್ಲಿ ರಸ್ತೆಯಲ್ಲಿ ಅಡ್ಡಡ್ಡ ಹಾರುವ ಚಿತ್ರ ನೋಡಿದರೆ ಈಗಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಇಷ್ಟು ಆಸೆ ಇಟ್ಟುಕೊಂಡವರು ಚೌಕಾಸಿಗೆ ಕೂರುವುದು ಕಷ್ಟ. ಅದು ಗೊತ್ತಿದ್ದೇ ತಯಾರಾಗಿ ಹೋಗಿದ್ದೆ. ಎಷ್ಟರವರೆಗೆ ಹೋಗಬಹುದು ಅಂತ ಮನೆಯಲ್ಲೇ ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟಿದ್ದೆ. ಅಂಗಡಿಯಲ್ಲಿ ಕೂತು ಆ ಅಂಕಿ ಬದಲಾಯಿಸಬಾರದು ಅಂತ ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೆ. ತಮ್ಮನನ್ನೂ ಕರೆದುಕೊಂಡು ಹೋದೆ. ಅದು ತಪ್ಪಾಯಿತು. ಅವನ ಮನಸ್ಸು ಚಿನ್ನ, ಆದರೆ ಬಾಯಿಗೆ ಬೀಗ ಇಲ್ಲ. ಕಾರಿನ ಬಾಗಿಲು ತೆಗೆದ ಕೂಡಲೇ "ಅಕ್ಕ, ಸೂಪರ್ ಆಗಿದೆ! ಇದನ್ನೇ ತಗೊಂಡುಬಿಡು" ಅಂದ. ಮಾರುವ ಹುಡುಗ ಪಕ್ಕದಲ್ಲೇ ನಿಂತಿದ್ದ. ಅಲ್ಲಿಗೆ ನನ್ನ ಕೈ ಅರ್ಧ ಕಟ್ಟಿದ ಹಾಗಾಯಿತು.

ಆ ಹುಡುಗ ಮೊದಲ ಹತ್ತು ನಿಮಿಷ ಎಲ್ಲವನ್ನೂ ತಮ್ಮನಿಗೇ ವಿವರಿಸಿದ. ಟರ್ಬೊ, ಬ್ರೇಕು, ಸಸ್ಪೆನ್ಷನ್ನು. ತಮ್ಮನಿಗೆ ಕ್ಲಚ್ ಎಲ್ಲಿದೆ ಅನ್ನುವುದಷ್ಟೇ ಗೊತ್ತು. ಕೊನೆಗೆ ಅವನೇ "ಕಾರು ಅಕ್ಕನಿಗೆ, ಅವಳಿಗೆ ಹೇಳಿ" ಅಂದ. ಹುಡುಗ ಕೆಂಪಾದ. "ಸಾರಿ ಮೇಡಂ" ಅಂದ. ಅಲ್ಲಿಂದ ಮುಂದೆ ನನ್ನ ಕಡೆಗೇ ತಿರುಗಿ ಮಾತಾಡಿದ. ತಪ್ಪು ತೋರಿಸಿದರೆ ತಿದ್ದಿಕೊಳ್ಳುವವರು ನನಗೆ ಇಷ್ಟ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಅವನ ಮೇಲೆ ಸಿಟ್ಟಾಗಿದ್ದನ್ನೂ ಬರೆಯಬೇಕು.

ಓಡಿಸಿ ನೋಡಿದೆ. ನೇರ ರಸ್ತೆಯಲ್ಲಿ ಏನೂ ತೊಂದರೆ ಕಾಣಲಿಲ್ಲ. ಎರಡನೇ ಗೇರಿನಲ್ಲಿ ಟರ್ಬೊ ಎದ್ದಾಗ ಬೆನ್ನು ಸೀಟಿಗೆ ಅಂಟಿತು. ವಾಪಸ್ ಬಂದು ಮೇಜಿನ ಮುಂದೆ ಕೂತೆವು.

"ತಿಂಗಳಿಗೆ ಎಷ್ಟಾದ್ರೆ ನಿಮಗೆ ಅನುಕೂಲ ಮೇಡಂ?"

ಈ ಪ್ರಶ್ನೆಗೆ ಉತ್ತರ ಕೊಡಲೇಬಾರದು. ನಾವು ಒಂದು ಕಂತು ಹೇಳಿದರೆ ಸಾಲದ ವರ್ಷ ಉದ್ದ ಮಾಡಿ ಆ ಕಂತಿಗೆ ಹೊಂದಿಸಿಕೊಡುತ್ತಾರೆ. ಕಂತು ಸಣ್ಣದು ಕಾಣುತ್ತದೆ, ಒಟ್ಟು ಬಡ್ಡಿ ದೊಡ್ಡದಾಗುತ್ತದೆ, ಕಾರಿನ ಬೆಲೆ ಮಾತ್ರ ಒಂದು ಪೈಸೆಯೂ ಇಳಿದಿರುವುದಿಲ್ಲ. ಹಳೆ ಕಾರಿನ ಎಕ್ಸ್‌ಚೇಂಜ್ ಕೂಡ ಹಾಗೇ. ಅದಕ್ಕೆ ಜಾಸ್ತಿ ಕೊಟ್ಟ ಹಾಗೆ ಮಾಡಿ ಇತ್ತ ಕಾರಿನ ಬೆಲೆಯಲ್ಲಿ ಎಳೆದುಕೊಳ್ಳಬಹುದು. ಮೂರನ್ನೂ ಬೇರೆ ಬೇರೆ ಮಾತಾಡಬೇಕು. ನಾನು "ಮೊದಲು ಕಾರಿನ ಒಟ್ಟು ಬೆಲೆ ಹೇಳಿ, ಮಿಕ್ಕಿದ್ದು ಆಮೇಲೆ" ಅಂದೆ. ಅವನು ಒಂದು ಅಂಕಿ ಬರೆದ. ನಾನು ಅದಕ್ಕಿಂತ ಕಡಿಮೆ ಬರೆದೆ. ಸಂಜೆ ಇನ್ನೊಬ್ಬರು ನೋಡೋಕೆ ಬರ್ತಾರೆ ಅಂದ. ಬರಲಿ ಅಂದೆ. ಹೀಗೆ ನಾಲ್ಕು ಸಲ ಚೀಟಿ ಆ ಕಡೆ ಈ ಕಡೆ ಹೋಗಿ, ನಾನು ಮನೆಯಲ್ಲಿ ಬರೆದುಕೊಂಡ ಅಂಕಿಗಿಂತ ಸ್ವಲ್ಪವೇ ಕೆಳಗೆ ನಿಂತಿತು. ಕೈ ಕುಲುಕುವುದೊಂದು ಬಾಕಿ.

ಕೈ ಕೊಡುವ ಮುಂಚೆ ಇನ್ನೊಂದು ಸಲ ಕಾರು ನೋಡಿ ಬರುತ್ತೇನೆ ಅಂತ ಎದ್ದೆ. ಬೆಲೆ ಇಳಿಸುವ ಉಪಾಯ ಏನೂ ಇರಲಿಲ್ಲ. ಸುಮ್ನೆ ನೋಡಬೇಕು ಅನಿಸಿತು. ನನ್ನದಾಗುವ ಕಾರು ಅಲ್ವಾ. ಸುತ್ತ ನಡೆಯುತ್ತಾ ಮುಂದಿನ ಎಡ ಚಕ್ರದ ಹತ್ತಿರ ಬಂದಾಗ ಅಲ್ಲಿನ ರಬ್ಬರು ಉಳಿದವುಗಳಿಗಿಂತ ಕಪ್ಪಗೆ ಕಂಡಿತು. ಬಗ್ಗಿದೆ.

ಟೈರಿನ ಪಕ್ಕದಲ್ಲಿ ಒಂದು ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. ಮೊದಲೆರಡು ಯಾವ ವಾರ, ಕೊನೆಯೆರಡು ಯಾವ ವರ್ಷ. ಮೂರು ಟೈರಿನಲ್ಲಿ 1419 ಅಂತಿತ್ತು. ಅಂದರೆ 2019ರ ಹದಿನಾಲ್ಕನೇ ವಾರದಲ್ಲಿ ತಯಾರಾದದ್ದು. ಇದರಲ್ಲಿ 4022. ಕಂಪನಿ ಒಂದೇ, ಡಿಸೈನ್ ಒಂದೇ, ಸೈಜ್ ಒಂದೇ. ವಯಸ್ಸು ಮಾತ್ರ ಬೇರೆ. ಆಳ ಅಳೆಯುವ ಪುಟ್ಟ ಗೇಜ್ ನನ್ನ ಪರ್ಸಿನಲ್ಲೇ ಇತ್ತು. ಹಳೆಯ ಮೂರರ ಗೀರುಗಳಲ್ಲಿ 4 ಮಿಲಿಮೀಟರ್ ಆಳ ಉಳಿದಿತ್ತು. ಹೊಸದರಲ್ಲಿ ಹತ್ತಿರ ಹತ್ತಿರ 8.

ಒಳಗೆ ಹೋಗಿ ಹೇಳಿದೆ. ಆಗ ಅವನು ಆ ಮಾತು ಹೇಳಿದ.

"ಒಂದು ಟೈರ್ ತಾನೆ ಮೇಡಂ. ಅದೂ ಹೊಸದು. ನಿಮಗೆ ಲಾಭವೇ ಅಲ್ವಾ?"

ತಮ್ಮ ಕೂಡ ತಲೆಯಾಡಿಸಿದ. ಬೇರೆ ಕಾರಾಗಿದ್ದರೆ ನಾನೂ ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಈ ಕಾರಿನಲ್ಲಿ ಒಂದು ಟೈರ್ ಅನ್ನುವುದೇ ಇಲ್ಲ. ನಾಲ್ಕೂ ಸೇರಿ ಒಂದು.

ನಾಲ್ಕು ಮಿಲಿಮೀಟರ್ ಸವೆದ ಟೈರಿನ ಸುತ್ತಳತೆ ಹೊಸದಕ್ಕಿಂತ ಸುಮಾರು 25 ಮಿಲಿಮೀಟರ್ ಕಡಿಮೆ. ಈ ಕಾರಿನ ಚಕ್ರ ಒಂದು ಸುತ್ತಿಗೆ ಎರಡು ಮೀಟರ್ ಹೋಗುತ್ತದೆ ಅಂದುಕೊಳ್ಳಿ. ಹೊಸ ಟೈರಿನ ಜೊತೆ ಹೆಜ್ಜೆ ಹಾಕಲು ಹಳೆಯದು ಪ್ರತಿ ಕಿಲೋಮೀಟರಿಗೆ ಆರು ಸುತ್ತು ಜಾಸ್ತಿ ತಿರುಗಬೇಕು. ಸುಬಾರು ಹೇಳುವುದು ನಾಲ್ಕು ಟೈರುಗಳ ಸುತ್ತಳತೆಯ ವ್ಯತ್ಯಾಸ ಕಾಲು ಇಂಚು, ಅಂದರೆ ಸುಮಾರು 6 ಮಿಲಿಮೀಟರ್ ದಾಟಬಾರದು ಅಂತ. ಗೀರಿನ ಆಳದಲ್ಲಿ ಲೆಕ್ಕ ಹಾಕಿದರೆ ಅದು ಬರೀ ಒಂದು ಮಿಲಿಮೀಟರ್.

ಈ ವ್ಯತ್ಯಾಸದ ಭಾರ ಬೀಳುವುದು ಕಣ್ಣಿಗೆ ಕಾಣದ ಕಡೆ. ಮ್ಯಾನ್ಯುಯಲ್ ಡಬ್ಲ್ಯುಆರ್‌ಎಕ್ಸ್‌ನಲ್ಲಿ ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ನಡುವೆ ಒಂದು ವಿಸ್ಕಸ್ ಕಪ್ಲಿಂಗ್ ಇದೆ. ಮುಚ್ಚಿದ ಡಬ್ಬಿ. ಒಳಗೆ ತೆಳ್ಳನೆಯ ತಟ್ಟೆಗಳ ಸಾಲು, ಮಧ್ಯೆ ಸಿಲಿಕೋನ್ ದ್ರವ. ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ವೇಗದಲ್ಲಿ ತಿರುಗುವವರೆಗೆ ಅದಕ್ಕೆ ಆರಾಮ. ಕೆಸರಿನಲ್ಲೋ ಮಂಜಿನಲ್ಲೋ ಒಂದು ಕಡೆ ಜಾರಿ ಜೋರಾಗಿ ತಿರುಗಿತು ಅನ್ನಿ, ದ್ರವ ಬಿಸಿಯಾಗಿ ತಟ್ಟೆಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಜಾರದ ಕಡೆಗೂ ಶಕ್ತಿ ಸಿಗುತ್ತದೆ. ಎಷ್ಟು ಚೆಂದದ ಯೋಚನೆ! ಆದರೆ ಒಂದು ಟೈರ್ ದೊಡ್ಡದಿದ್ದರೆ ನೇರ ರಸ್ತೆಯಲ್ಲೂ ಎರಡು ಕಡೆ ಹೊಂದುವುದಿಲ್ಲ. ಅಪರೂಪಕ್ಕೆ ಮಾಡಬೇಕಾದ ಕೆಲಸವನ್ನು ಆ ಡಬ್ಬಿ ದಿನವಿಡೀ ಮಾಡುತ್ತದೆ. ಬಿಸಿಯಾಗುತ್ತಲೇ ಇರುತ್ತದೆ. ಒಂದು ದಿನ ಹಿಡಿದದ್ದನ್ನು ಬಿಡುವುದೇ ಇಲ್ಲ.

ಹಿಂದಿನ ಮಾಲೀಕರ ಟೈರಿಗೆ ಮೊಳೆಯೋ ಏನೋ ಚುಚ್ಚಿರಬೇಕು. ಒಂದನ್ನು ಹಾಕಿಸಿ ಸುಮ್ಮನಾಗಿದ್ದಾರೆ. ಹೊಸ ಟೈರನ್ನು ಹೆರೆದು ಉಳಿದ ಮೂರರ ಮಟ್ಟಕ್ಕೆ ತರುವ ದಾರಿಯೂ ಇದೆ. ಟೈರ್ ಹಾಕಿದವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಸಿಟ್ಟು ಬಂದಿರುವುದು ಅವರ ಮೇಲೆ. ಕಾರಿನ ಮಾಲೀಕರಿಗೆ ಗೊತ್ತಿಲ್ಲದಿರಬಹುದು. ದಿನವೂ ಟೈರ್ ಮುಟ್ಟುವವರಿಗೆ ಗೊತ್ತಿರಬೇಕು.

"ಖಾಲಿ ಜಾಗದಲ್ಲಿ ಒಂದು ಸುತ್ತು ಹೊಡೆದು ಬರ್ತೀನಿ, ನೀವೂ ಬನ್ನಿ" ಅಂತ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ಮೊದಲನೇ ಗೇರಿನಲ್ಲಿ ಮೆಲ್ಲಗೆ ಬಿಟ್ಟೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತು ಹೋಗಬೇಕು. ನಡುವಿನ ಡಬ್ಬಿ ಅಷ್ಟು ಸಡಿಲ ಕೊಡಬೇಕು. ಕೊಡಲಿಲ್ಲ. ಯಾರೋ ಬ್ರೇಕ್ ಒತ್ತಿದ ಹಾಗೆ ಕಾರು ಎಳೆಯಿತು. ಕ್ಲಚ್ ಹಿಡಿದರೆ ಅಲ್ಲೇ ನಿಂತಿತು. ಮತ್ತೆ ಬಿಟ್ಟಾಗ ಟೈರುಗಳು ಕುಪ್ಪಳಿಸಿದವು.

ನಾನು ಏನೂ ಹೇಳಲಿಲ್ಲ. ಅವನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಇದು ಹೀಗೇ ಇರುತ್ತಾ ಮೇಡಂ?" ಅಂತ ಕೇಳಿದ. ದಿನವೂ ಈ ಕಾರುಗಳನ್ನು ಮಾರುವವನು ನನ್ನನ್ನು ಕೇಳಿದ. ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಅವನಿಗೆ ಬಡ್ಡಿ ಲೆಕ್ಕ ಕಲಿಸಿದ್ದಾರೆ, ಸಂಜೆ ಬರುವ ಇನ್ನೊಬ್ಬರ ಕಥೆ ಕಲಿಸಿದ್ದಾರೆ. ಕಾರು ಹೇಗೆ ನಡೆಯುತ್ತದೆ ಅಂತ ಕಲಿಸಿಲ್ಲ.

ಅವರ ಮ್ಯಾನೇಜರ್ ಒಪ್ಪಿದ ಮೇಲೆ ನನಗೆ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ತೆಗೆದುಕೊಂಡು ಹೋದೆವು. ಜಾಸ್ತಿ ಮಾತಾಡದ ಹಿರಿಯರು. ತಾವೂ ಅದೇ ಸುತ್ತು ಎರಡು ಸಲ ಹೊಡೆದರು. "ನಡುವಿನದು ಹಿಡ್ಕೊಂಡಿದೆ. ಹೊಸದೇ ಹಾಕ್ಬೇಕು" ಅಂದರು. ಅಷ್ಟೇ. ಕಪ್ಲಿಂಗಿನ ಬೆಲೆ, ಗೇರ್‌ಬಾಕ್ಸ್ ಇಳಿಸಿ ಬಿಚ್ಚುವ ಕೂಲಿ, ನಾಲ್ಕು ಟೈರ್ ಎಲ್ಲ ಸೇರಿಸಿ ಒಂದು ಚೀಟಿ ಬರೆದುಕೊಟ್ಟರು. ಅದನ್ನು ಮ್ಯಾನೇಜರ್ ಮೇಜಿನ ಮೇಲಿಟ್ಟೆ. ನೀವೇ ಇದನ್ನು ಸರಿ ಮಾಡಿಸಿ, ಆಗ ಒಪ್ಪಿದ ಬೆಲೆಗೇ ತಗೋತೀನಿ, ಇಲ್ಲವಾದರೆ ಬೇಡ ಅಂದೆ. ಬೆಲೆ ಇಳಿಸಿ ಹಾಗೇ ಕೊಡುತ್ತೇವೆ ಅಂದರು. ಬೇಡ ಅಂದೆ. ಬಿಚ್ಚಿದ ಮೇಲೆ ಇನ್ನೇನು ಹೊರಬರುತ್ತದೋ ಯಾರಿಗೆ ಗೊತ್ತು? ಅದು ಅವರ ಕೈಯಲ್ಲಿರುವಾಗಲೇ ಬರಲಿ. ಮ್ಯಾನೇಜರ್ ಮುಖ ಬಿಗಿಯಾಯಿತು. ಯೋಚಿಸಿ ಹೇಳುತ್ತೇವೆ ಅಂದರು. ನಾವು ಎದ್ದು ಬಂದೆವು.

ದಾರಿಯಲ್ಲಿ ತಮ್ಮ "ಬೇಜಾರಾಯ್ತಾ ಅಕ್ಕ?" ಅಂದ. ತುಂಬಾ ಆಗಿತ್ತು. ಮೂವತ್ತು ವರ್ಷದ ಆಸೆ.

ರಾತ್ರಿ ಮಲಗಿ ಆ 'ತಾನೆ'ಯ ಬಗ್ಗೆಯೇ ಯೋಚಿಸುತ್ತಿದ್ದೆ. ಎಷ್ಟು ಪುಟ್ಟ ಮಾತು. "ನೀನು ಬರ್ತೀಯಾ ತಾನೆ?" ಅಂದರೆ ಅದರಲ್ಲಿ ಆಸೆ ಇದೆ, ಸಣ್ಣ ಭಯ ಇದೆ. "ನಾನೇ ತಾನೆ ಹೇಳಿದ್ದು" ಅಂದರೆ ಹಟ. "ಒಂದು ಟೈರ್ ತಾನೆ" ಅಂದಾಗ ಮಾತ್ರ ಅದು ಎದುರಿನವರ ಚಿಂತೆಯನ್ನು ಚಿಕ್ಕದು ಮಾಡಿ ಪಕ್ಕಕ್ಕೆ ಸರಿಸುತ್ತದೆ. ಮುಂದಿನ ಮಾತಿಗೆ ಜಾಗವೇ ಉಳಿಯುವುದಿಲ್ಲ. ಕೇಳಿದವರಿಗೆ ನಾಚಿಕೆಯಾಗುತ್ತದೆ, ಇಷ್ಟಕ್ಕೆ ಬಾಯಿ ಬಿಟ್ಟೆನಲ್ಲಾ ಅಂತ.

ನಾನೂ ಹೇಳಿದ್ದೇನೆ. ಹೋದ ವರ್ಷ ಅಮ್ಮ ಬಲ ಮಂಡಿ ಹಿಡಿದುಕೊಂಡು "ಮೆಟ್ಟಿಲು ಹತ್ತೋಕೆ ಆಗ್ತಿಲ್ಲ ಕಣೇ" ಅಂದಾಗ, ಫೋನ್ ನೋಡುತ್ತಲೇ "ವಯಸ್ಸು ತಾನೆ ಅಮ್ಮ, ಸ್ವಲ್ಪ ಓಡಾಡು" ಅಂದಿದ್ದೆ. ಅವಳು ಆಮೇಲೆ ಅದರ ಸುದ್ದಿ ಎತ್ತಲಿಲ್ಲ. ನನಗೆ ಕಾಣದ ಹಾಗೆ ಎಡಗಾಲಿನ ಮೇಲೆ ಭಾರ ಹಾಕಿ ನಡೆದಳು. ಈಗ ಎಡ ಮಂಡಿಯೂ ನೋಯುತ್ತದೆ. ಟೈರಿನ ಆಳ ಅಳೆಯಲು ಪರ್ಸಿನಲ್ಲಿ ಗೇಜ್ ಇಟ್ಟುಕೊಂಡು ಓಡಾಡುವವಳು ನಾನು. ಅಮ್ಮ ಯಾವ ಕಾಲು ಎಳೆಯುತ್ತಿದ್ದಾಳೆ ಅಂತ ಬಗ್ಗಿ ನೋಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳ ಪಕ್ಕ ಕೂತು ಎರಡೂ ಮಂಡಿ ಒತ್ತಿಕೊಡುತ್ತಾ ಎಲ್ಲಿ ನೋವು, ಯಾವಾಗ ಜಾಸ್ತಿ ಅಂತ ಕೇಳಿದೆ. "ಇದ್ದಕ್ಕಿದ್ದ ಹಾಗೆ ಏನಾಯ್ತೇ ನಿಂಗೆ?" ಅಂದಳು. ಕಾರಿನ ಕಥೆ ಹೇಳಿದೆ. ಪೂರ್ತಿ ಕೇಳಿದಳು. "ಆ ಹುಡುಗನನ್ನ ಬೈದೆಯಾ?" ಅಂದಳು. ಇಲ್ಲ ಅಂದೆ. "ಒಳ್ಳೇದು ಮಾಡ್ದೆ" ಅಂದಳು. ಬುಧವಾರ ಮೂಳೆ ಡಾಕ್ಟರ ಹತ್ತಿರ ಹೋಗಿ ಬಂದೆವು.

ಗುರುವಾರ ಸಂಜೆ ಫೋನ್ ಬಂತು. ಮ್ಯಾನೇಜರ್ ಇರಬೇಕು ಅಂದುಕೊಂಡೆ. ಆ ಹುಡುಗ.

"ಮೇಡಂ, ಕಪ್ಲಿಂಗ್ ಹೊಸದು ಹಾಕ್ಸಿದ್ವಿ. ಬಿಲ್ ಇದೆ. ಟೈರೂ ನಾಲ್ಕು ಹೊಸದು. ನಂಬರ್ ಓದ್ತೀನಿ, ಬರ್ಕೊಳ್ತೀರಾ?"

ಓದಿದ. ಮುಂದಿನ ಎಡ, ಮುಂದಿನ ಬಲ, ಹಿಂದಿನ ಎಡ. ಮಧ್ಯೆ ಮಧ್ಯೆ ಅವನು ಬಗ್ಗಿ ಏಳುವ ಉಸಿರು ಕೇಳಿಸುತ್ತಿತ್ತು. ನಾಲ್ಕನೆಯದರ ಹತ್ತಿರ ಸ್ವಲ್ಪ ತಡವಾಯಿತು. "ಇದರ ನಂಬರ್ ಒಳಗಡೆ ಬಂದಿದೆ ಮೇಡಂ, ಟಾರ್ಚ್ ತರ್ತೀನಿ, ಒಂದು ನಿಮಿಷ" ಅಂದ. ನಾನು ಪೆನ್ನು ಹಿಡಿದು ಕಾದೆ.